ಐದು ಮಹಡಿಗೆ ಒಂದೇ ಗಂಟಲು

ಜೂನ್ 2, ಸೋಮವಾರ

ಗಂಟಲಿನ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದೆ. ಧ್ವನಿತಂತುವಿನ ಮೇಲೆ ಸಾಸಿವೆ ಕಾಳಿನಷ್ಟು ಗಂಟು ಬೆಳೆದಿತ್ತಂತೆ, ತೆಗೆದುಹಾಕಿದ್ದಾರೆ. ಮೂರು ವಾರ ಬಾಯಿ ಬಿಡುವ ಹಾಗಿಲ್ಲ. ಪಿಸುಗುಟ್ಟುವ ಹಾಗೂ ಇಲ್ಲ, ಅದು ಕೂಗುವುದಕ್ಕಿಂತ ಕೆಟ್ಟದ್ದು ಎಂದು ಗಂಟಲು ಡಾಕ್ಟರು ಎಚ್ಚರಿಸಿದರು. ಆಮೇಲೆ ಧ್ವನಿ ಮೊದಲಿನಂತೆ ಬರುತ್ತದೆಯೇ ಎಂದು ಚೀಟಿಯಲ್ಲಿ ಬರೆದು ಕೇಳಿದೆ. "ನೋಡೋಣ" ಎಂದರು. ಡಾಕ್ಟರ ಬಾಯಲ್ಲಿ 'ನೋಡೋಣ' ಎಷ್ಟು ಕೆಟ್ಟ ಮಾತು ಎಂದು ಅವರಿಗೇನು ಗೊತ್ತು.

ಹೆಂಡತಿ ಒಂದು ಸ್ಲೇಟನ್ನೂ ಈ ದಿನಚರಿ ಪುಸ್ತಕವನ್ನೂ ತಂದಿಟ್ಟಳು. "ಸ್ಲೇಟು ನನ್ನ ಹತ್ರ ಮಾತಾಡೋಕೆ. ಪುಸ್ತಕ ನಿಮ್ಮನ್ನ ನೀವೇ ಹೊಗಳ್ಕೊಳ್ಳೋಕೆ. ನಾನಂತೂ ಓದಲ್ಲ, ಇಷ್ಟು ವರ್ಷ ಕೇಳಿದ್ದೇ ಸಾಕು" ಎಂದಳು.

ಹೊಗಳಿಕೊಳ್ಳುತ್ತೇನೆ, ಏನೀಗ? ಕಟ್ಟಡಗಳಿಗೆ ಫೈರ್ ಅಲಾರಂ ಕೂರಿಸುವವರು ಬೇಕಾದಷ್ಟು ಜನ ಇದ್ದಾರೆ. ಚಾವಣಿಗೆ ಡಿಟೆಕ್ಟರ್ ತಿರುಗಿಸಿ, ತಂತಿ ಎಳೆದು, ಬಾಗಿಲ ಬಳಿ ಪ್ಯಾನೆಲ್ ನಿಲ್ಲಿಸಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಗಂಟೆಯ ಬದಲು ಮನುಷ್ಯರ ಮಾತಿನಲ್ಲೇ ಎಚ್ಚರಿಸುವ ವ್ಯವಸ್ಥೆ ಬೇಕು ಎನ್ನುವವರು ನಮ್ಮ ಕಂಪನಿಗೇ ಬರುತ್ತಾರೆ. ಬಂದವರು ಧ್ವನಿ ನನ್ನದೇ ಇರಲಿ ಎನ್ನುತ್ತಾರೆ. ಎರಡು ಸಿನಿಮಾ ಮಂದಿರ, ಒಂದು ಕಾಲೇಜು, ಕೋರ್ಟಿನ ಎದುರಿನ ದೊಡ್ಡ ಬಟ್ಟೆ ಅಂಗಡಿ, ಎಲ್ಲದರ ಹೊಟ್ಟೆಯೊಳಗೂ ನಾನು ಕೂತಿದ್ದೇನೆ. "ಅಗ್ನಿ ಅನಾಹುತದ ಸೂಚನೆ ಬಂದಿದೆ. ದಯವಿಟ್ಟು ಗಾಬರಿಗೊಳ್ಳದೆ, ಸಾವಧಾನದಿಂದ, ಸಮೀಪದ ನಿರ್ಗಮನ ದ್ವಾರದ ಮೂಲಕ ಹೊರನಡೆಯಿರಿ." ಬಾವಿಯ ತಳದಿಂದ ಎದ್ದು ಬಂದಂಥ ಧ್ವನಿ ಎಂದು ನಮ್ಮ ಯಜಮಾನರು ಒಮ್ಮೆ ಹೇಳಿದ್ದರು. ಇಲ್ಲಿಯವರೆಗೆ ಅಲ್ಲೆಲ್ಲೂ ಬೆಂಕಿ ಬಿದ್ದಿಲ್ಲ, ಹಾಗಾಗಿ ಅದನ್ನು ಕೇಳಿದವರೂ ಕಡಿಮೆ. ಅದು ಬೇರೆ ಮಾತು.

ಈಗ ಕಣ್ಣಿನ ಆಸ್ಪತ್ರೆಯ ಹೊಸ ಐದು ಮಹಡಿಯ ಕಟ್ಟಡ. ನನ್ನ ಜೀವಮಾನದ ಕೆಲಸ ಅದು. ಧ್ವನಿಯನ್ನು ಗಂಟಲು ಕೆಡುವ ಮೊದಲೇ ತುಂಬಿಸಿಟ್ಟಿದ್ದೇನೆ, ಪುಣ್ಯ.

ಜೂನ್ 4, ಬುಧವಾರ

ಬಾಯಿಗೆ ತಾನೇ ರಜೆ, ಕೈಗಲ್ಲವಲ್ಲ. ಸ್ಲೇಟನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ನನ್ನ ಜೊತೆಗಾರ ಅಲ್ಲೇ ಇದ್ದ. ಅವನಿಗೆ ಏಣಿ ಎಂದು ಹೆಸರಿಟ್ಟವನು ನಾನೇ. ಅಷ್ಟು ಉದ್ದದ ಮನುಷ್ಯ, ಎಷ್ಟೋ ಕಡೆ ಸ್ಟೂಲಿಲ್ಲದೆ ಚಾವಣಿ ಮುಟ್ಟುತ್ತಾನೆ. ನಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನೋಡಿ, "ಅಣ್ಣ, ಇವತ್ತು ಕೆಲಸ ಬೇಗ ಮುಗಿಯುತ್ತೆ" ಎಂದ. ಮುಗಿಯಿತು ಕೂಡ.

ಕೋಲಿನ ತುದಿಯ ಬಟ್ಟಲಿನಿಂದ ಒಂದೊಂದು ಡಿಟೆಕ್ಟರಿಗೂ ಹೊಗೆ ಕುಡಿಸಿದೆವು. ಒಂದೂ ಸುಳ್ಳಾಡಲಿಲ್ಲ. ಹೊಗೆ ತಾಗಿದ ಕೂಡಲೇ ಕೆಂಪು ದೀಪ, ಕೆಳಗೆ ಪ್ಯಾನೆಲಿನಲ್ಲಿ ಕೋಣೆಯ ಹೆಸರು. ಮಕ್ಕಳು ಹಾಜರಿ ಹೇಳಿದ ಹಾಗೆ. ಏಣಿ ಇಲ್ಲದ ವೇಳೆ ನೋಡಿ ಒಂದು ಡಿಟೆಕ್ಟರನ್ನು ಸವರಿದೆ.

ಧ್ವನಿಯೇ ಬೇಕೆಂದು ಹಟ ಹಿಡಿದವರು ಇಲ್ಲಿಯ ಹಿರಿಯ ಡಾಕ್ಟರಮ್ಮ. ಆಪರೇಷನ್ ಆದವರಿಗೆ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣೂ ಹಲವರಿಗೆ ಅಷ್ಟಕ್ಕಷ್ಟೇ. ಹೊರಗೆ ಹೋಗುವ ದಾರಿ ಎಂದು ಹಸಿರು ದೀಪದಲ್ಲಿ ಎಷ್ಟು ದೊಡ್ಡದಾಗಿ ಬರೆದರೂ ಅವರಿಗೆ ಕಾಣುವುದಿಲ್ಲ. ಗಂಟೆ ಬಾರಿಸಿದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎದೆ ಒಡೆದುಕೊಳ್ಳುತ್ತಾರೆ. "ಅವರಿಗೆ ಕಿವೀನೇ ಕಣ್ಣು ಕಣ್ರೀ" ಎಂದಿದ್ದರು ಡಾಕ್ಟರಮ್ಮ. ಅದಕ್ಕೇ ಪ್ರತಿ ಮಹಡಿಯಲ್ಲೂ ಗೋಡೆಗುಂಟ ಮೆಟ್ಟಿಲವರೆಗೆ ಹಿಡಿಕೆಯ ಕಂಬಿ, ಚಾವಣಿಯಲ್ಲಿ ನನ್ನ ಸ್ಪೀಕರುಗಳು.

ಶುಕ್ರವಾರ ಅಗ್ನಿಶಾಮಕ ದಳದ ಸಾಹೇಬರು ಪರೀಕ್ಷೆಗೆ ಬರುತ್ತಾರೆ. ಅವರು ಒಪ್ಪಿದರೆ ಮಾತ್ರ ಕಟ್ಟಡ ತೆರೆಯಬಹುದು. ಹೊಸ ಅಂಗಿ ಇಸ್ತ್ರಿ ಮಾಡಿಸಿದ್ದೇನೆ.

ಜೂನ್ 6, ಶುಕ್ರವಾರ

ಯಾರೂ ಬರಲಿಲ್ಲ.

ಜೂನ್ 7, ಶನಿವಾರ

ನಿನ್ನೆ ಬರೆಯಲು ಕೈ ಓಡಲಿಲ್ಲ. ಇವತ್ತು ಬರೆದು ಕೋಪ ತೀರಿಸಿಕೊಳ್ಳುತ್ತೇನೆ.

ಸಾಹೇಬರು ಸಣ್ಣ ಆಳು, ಮಾತು ಕಡಿಮೆ. ಹಳೇ ಕಟ್ಟಡದ ರೋಗಿಗಳ ಕಡೆಯವರು, ನರ್ಸಿಂಗ್ ಕಲಿಯುವವರು, ಕಸ ಗುಡಿಸುವವರು, ಹೀಗೆ ಸಿಕ್ಕವರನ್ನೆಲ್ಲ ಸೇರಿಸಿ ಕಣ್ಣಿಗೆ ಪಟ್ಟಿ ಕಟ್ಟಿ ನಾಲ್ಕನೇ ಮಹಡಿಯ ಹಾಸಿಗೆಗಳಲ್ಲಿ ಮಲಗಿಸಿದರು. ಏನಾಗುತ್ತದೆಂದು ಅವರಿಗೆ ಹೇಳಿರಲಿಲ್ಲ. "ಯಾರೂ ಕೈ ಹಿಡ್ದು ಕರ್ಕೊಂಡು ಬರ್ಬೇಡಿ. ಧ್ವನಿ ಒಂದೇ ಏನ್ ಮಾಡುತ್ತೋ ನೋಡ್ಬೇಕು" ಎಂದು ಸಿಬ್ಬಂದಿಗೆ ತಾಕೀತು ಮಾಡಿದರು. ಏಣಿ ಹೊಗೆ ಕೊಟ್ಟ. ಡಿಟೆಕ್ಟರ್ ಹಿಡಿಯಿತು, ಪ್ಯಾನೆಲ್ ಹೇಳಿತು, ಐದೂ ಮಹಡಿಯಲ್ಲಿ ನಾನು ಮೊಳಗಿದೆ. ಕೆಳಗೆ ಬಾಗಿಲ ಬಳಿ ಕಣ್ಣು ಮುಚ್ಚಿಕೊಂಡು ಕೇಳಿದೆ. ಎಂಥ ಗಾಂಭೀರ್ಯ ಅದು. ಕಣ್ಣು ಬಿಟ್ಟಾಗ ಮೆಟ್ಟಿಲು ಖಾಲಿ. ಇನ್ನೊಂದು ಸುತ್ತು ಆಯಿತು, ಮತ್ತೊಂದು ಆಯಿತು. ಮೆಟ್ಟಿಲು ಖಾಲಿ.

ಮೇಲೆ ಹೋದೆವು. ಕೆಲವರು ಹಾಸಿಗೆಯ ಮೇಲೆ ಎದ್ದು ಕೂತು ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದರು. ಇಬ್ಬರು ಎದ್ದು ನಿಂತು ಕೈ ಕಟ್ಟಿಕೊಂಡಿದ್ದರು. ಯಾಕಮ್ಮ ಹೊರಗೆ ಬರಲಿಲ್ಲ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ ಒಬ್ಬ ಹೆಂಗಸು, "ಯಾರೋ ದೊಡ್ಡವ್ರು ತೀರ್ಕೊಂಡಿದಾರೆ ಅಂತ ಹೇಳ್ತಿದ್ರಲ್ಲ, ಅದಕ್ಕೇ ಎದ್ದು ನಿಂತ್ಕೊಂಡೆ" ಎಂದಳು.

ಏಣಿ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜ ಅಲುಗುತ್ತಿದ್ದದ್ದು ನನಗೆ ಕಾಣಿಸಿತು.

ಸಾಹೇಬರು ನಗಲಿಲ್ಲ. "ಯಂತ್ರ ಎಲ್ಲಾ ಸರಿ ಇದೆ. ಜನ ಎದ್ದು ಬರ್ಬೇಕಲ್ಲ. ಎರಡು ವಾರ ಬಿಟ್ಟು ಬರ್ತೀನಿ. ಆಗ್ಲೂ ಹೀಗೇ ಆದ್ರೆ ಕಟ್ಟಡ ತೆರೆಯೋಕೆ ನಾನು ಒಪ್ಪಲ್ಲ" ಎಂದು ಹೊರಟುಹೋದರು. ಡಾಕ್ಟರಮ್ಮ ನನ್ನ ಮುಖ ನೋಡಿದರು. ಹಳೇ ಕಟ್ಟಡದಲ್ಲಿ ರೋಗಿಗಳು ಮೆಟ್ಟಿಲ ಕೆಳಗೂ ಚಾಪೆ ಹಾಸಿಕೊಂಡು ಕಾಯುತ್ತಿದ್ದಾರೆ. ನನ್ನ ಒಂದು ಗಂಟಲಿನಿಂದ ಐದು ಮಹಡಿಗೆ ಬೀಗ.

ಇವತ್ತು ಶಬ್ದ ಅಳೆಯುವ ಮೀಟರ್ ಹಿಡಿದು ಎಲ್ಲ ಮಹಡಿ ಸುತ್ತಿದೆ. ಎಲ್ಲ ಕಡೆಯೂ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ತಪ್ಪು ನೆಲದ ಹೊಳೆಯುವ ಟೈಲಿನದು, ಗೋಡೆಯದು, ಪಟ್ಟಿ ಕಟ್ಟಿಕೊಂಡು ಮಲಗಿದ ಸೋಮಾರಿಗಳದು. ಮನೆಗೆ ಬಂದು ಇದನ್ನೆಲ್ಲ ಸ್ಲೇಟಿನ ಎರಡೂ ಕಡೆ ಬರೆದು ತೋರಿಸಿದೆ. ಇವಳು ಓದಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಒರೆಸಿ ಕೊಟ್ಟಳು. ಹೋದ ವರ್ಷ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಇವಳಿಗೆ ಎದುರುತ್ತರ ಕೊಡುವುದಕ್ಕೆ ನಾನೊಬ್ಬನೇ ಸಿಗುವುದು.

ಜೂನ್ 8, ಭಾನುವಾರ

ಫೋನಿನಲ್ಲಿದ್ದ ರೆಕಾರ್ಡಿಂಗನ್ನು ಇವಳಿಗೆ ಕೇಳಿಸಿದೆ. ಪೂರ್ತಿ ಕೇಳಿದಳು. "ಚೆನ್ನಾಗಿದೆ. ಆದ್ರೆ ನಾನು ಏಳಲ್ಲ" ಎಂದಳು.

ಸ್ಲೇಟನ್ನು ಇವತ್ತಿಡೀ ಮುಟ್ಟಿಲ್ಲ. ಮಾತು ಬಿಟ್ಟದ್ದು ಇವಳಿಗೆ ಗೊತ್ತಾಗಲೇ ಇಲ್ಲ ಎಂಬುದೇ ಸಂಕಟ.

ಜೂನ್ 10, ಮಂಗಳವಾರ

ಹಟಕ್ಕೆ ಬಿದ್ದು ಇವಳನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂರಿಸಿ ಕಣ್ಣಿಗೆ ಪಟ್ಟಿ ಕಟ್ಟಿದೆ. ಏಣಿ ಕೆಳಗಿನಿಂದ ನನ್ನ ಧ್ವನಿ ಹಾಕಿದ. ಏನು ಕೇಳಿಸಿತು ಹೇಳು ಎಂದು ಅಂಗೈ ಮೇಲೆ ತಟ್ಟಿ ಕೇಳಿದೆ.

"ಅಗ್ನಿ ಅಂತ ಕೇಳ್ಸ್ತು. ಆಮೇಲೆ ಗುಂಯ್ ಅಂತು. ದಯವಿಟ್ಟು ಅಂತು. ಮತ್ತೆ ಗುಂಯ್. ಕೊನೇಲಿ ಏನೋ ದ್ವಾರ. ನಿಜ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ದೊಡ್ಡ ಹಂಡೆ ಒಳಗೆ ಯಾರೋ ಮಾತಾಡ್ದಂಗಿತ್ತು."

ನಂಬಲಿಲ್ಲ. ನನಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು. ಆಗ ಏಣಿ ಮೇಲೆ ಬಂದು, "ಅಣ್ಣ, ಒಂದು ಸಲ ನೀವು ಕೂತ್ಕೊಳ್ಳಿ" ಎಂದ. ನನ್ನ ಕಣ್ಣಿಗೆ ಪಟ್ಟಿ ಕಟ್ಟಿದರು. ಅವನು ತನ್ನ ಮಾವನಿಂದ ಫೋನಿನಲ್ಲಿ ಏನೋ ಓದಿಸಿ ತಂದಿದ್ದನಂತೆ, ಅದನ್ನು ಸ್ಪೀಕರಿಗೆ ಹಾಕಿದ. ಆ ಮಾವನದೂ ನನ್ನಂಥದೇ ತುಂಬು ಕಂಠ. ಕಿವಿ ನಿಮಿರಿಸಿ ಕೂತೆ. ಗುಂಯ್ ಎಂದಿತು. 'ಮತ್ತು' ಎಂದಿತು. ಮತ್ತೆ ಗುಂಯ್. ಮೂರು ಸಲ ಹಾಕಿಸಿದೆ. ಅದು ಹವಾಮಾನ ವರದಿ ಎಂದು ಅವನು ಹೇಳಿದ ಮೇಲೆ ನಾಲ್ಕನೇ ಸಲ ಎಲ್ಲ ಅರ್ಥವಾಯಿತು.

ಇಷ್ಟು ವರ್ಷ ನಾನು ಮಾಡಿದ್ದು ಇದೇ ತಪ್ಪು. ನನ್ನ ಮಾತು ನನಗೆ ಬಾಯಿಪಾಠ. ಬಾಯಿಪಾಠ ಇರುವವನಿಗೆ ಹಂಡೆಯೊಳಗಿನ ಮಾತೂ ಕೇಳಿಸುತ್ತದೆ. ಬರಿಗೋಡೆ, ಬರಿನೆಲದ ಕಾರಿಡಾರಿನಲ್ಲಿ ದಪ್ಪ ಧ್ವನಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಮೀಟರಿಗೆ ಜೋರು ಗೊತ್ತು, ಅರ್ಥ ಗೊತ್ತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಇವಳು ಹೇಳಬಹುದಿತ್ತು. ಹೇಳಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ದಾರಿಯಿಡೀ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಗಂಟಲು ವಾಸಿಯಾಗಿ ನಾನೇ ಬೇರೆ ಥರ ಹೇಳೋಣವೆಂದರೆ ಬಾಯಿ ತೆರೆಯಲು ಅನುಮತಿ ಸಿಗುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ.

ಜೂನ್ 12, ಗುರುವಾರ

ಬೇರೆ ಧ್ವನಿ ಹುಡುಕುತ್ತಿದ್ದೇವೆ. ಸ್ವಾಗತದ ಕೌಂಟರಿನ ಹುಡುಗಿ ಹೇಳಿದರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗಿದೆ. ಏಣಿ ಹೇಳಿದರೆ ಮೊದಲು ಅವನನ್ನೇ ಯಾರಾದರೂ ಹೊರಗೆ ಕರೆದುಕೊಂಡು ಹೋಗಬೇಕು ಅನಿಸುತ್ತದೆ. ಯಜಮಾನರು ಫೋನಿನಲ್ಲಿ, "ಸುಮ್ನೆ ಒಂದು ಗಂಟೆ ಹಾಕಿ ಕೈ ತೊಳ್ಕೊಳಯ್ಯ" ಎಂದರು. ಮಾತಾಡಲಾರದ ಮನುಷ್ಯನಿಗೆ ಫೋನು ಮಾಡಿ ಬೈಯುವುದು ಎಷ್ಟು ಸುಲಭ.

ಮಧ್ಯಾಹ್ನ ಇವಳು ಊಟದ ಡಬ್ಬಿ ತಂದಳು. ಹಳೇ ಕಟ್ಟಡದ ಲಿಫ್ಟಿನ ಮುಂದೆ ಯಾವಾಗಲೂ ನೂಕುನುಗ್ಗಲು. ಒಳಗೆ ಹೋದವರು ಬಾಗಿಲಲ್ಲೇ ನಿಲ್ಲುತ್ತಾರೆ, ಹಿಂದಿನವರು ಗೊಣಗುತ್ತಾರೆ. ಇವಳು ಹಿಂದಿನಿಂದ ದನಿ ಎತ್ತಿದಳು. ಕೂಗಲಿಲ್ಲ, ಎತ್ತಿದಳು ಅಷ್ಟೇ. "ಒಳಗೆ ಜಾಗ ಇದೆ. ಹಿಂದಕ್ಕೆ ನಡೀರಿ. ಕೋಲಿನ ತಾತಂಗೆ ದಾರಿ ಬಿಡಿ." ಅಷ್ಟೂ ಜನ ಹಿಂದಕ್ಕೆ ನಡೆದರು. ಅವರಲ್ಲಿ ಹಿರಿಯ ಡಾಕ್ಟರಮ್ಮನೂ ಇದ್ದರು, ಅವರೂ ನಡೆದರು. ಯಾರು ಹೇಳಿದರೆಂದು ಯಾರೂ ತಿರುಗಿ ನೋಡಲೂ ಇಲ್ಲ.

ಏಣಿ ನನ್ನ ಮುಖ ನೋಡಿದ. ನಾನು ಡಬ್ಬಿ ತೆರೆದು ನೋಡಿದೆ.

ಜೂನ್ 13, ಶುಕ್ರವಾರ

ಏಣಿ ಬಾಯಿಬಿಟ್ಟೇ ಕೇಳಿದ, ಅತ್ತಿಗೆ ಕೈಲಿ ಹೇಳಿಸಿದರೆ ಹೇಗೆ ಎಂದು. ಸ್ಲೇಟಿನ ಮೇಲೆ 'ಬೇಡ' ಎಂದು ಬರೆದೆ. ದೊಡ್ಡದಾಗಿ.

ಜೂನ್ 15, ಭಾನುವಾರ

ಬರೆದಿಡಬೇಕಾದ ದಿನ.

ಬೆಳಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಸ್ಲೇಟನ್ನು ಇವಳ ಮುಂದೆ ಇಟ್ಟೆ. 'ಆಸ್ಪತ್ರೆಗೆ ನೀನು ಹೇಳ್ತೀಯಾ?' ಬಟ್ಟೆ ಮಡಿಸುತ್ತಿದ್ದವಳು ಓದಿ, ಮಡಿಸುವುದನ್ನು ಮುಂದುವರಿಸಿದಳು.

"ನನ್ನದು ಒಡಕು ಗಂಟಲು" ಎಂದಳು ಆಮೇಲೆ. "ನಮ್ಮ ಮದುವೆ ಆದ ಹೊಸದ್ರಲ್ಲಿ ನಿಮ್ಮ ಅಣ್ಣತಮ್ಮಂದಿರ ಮುಂದೆ ನೀವೇ ಹೇಳಿದ್ದು. ಇವಳು ಕರೆದ್ರೆ ಪಕ್ಕದ ಬೀದಿ ನಾಯಿ ಎದ್ದು ಬರುತ್ತೆ ಅಂದ್ರಿ. ಎಲ್ರೂ ನಕ್ರು. ನಾನೂ ನಕ್ಕೆ."

ನನಗೆ ಇದರ ನೆನಪೇ ಇಲ್ಲ. ಇವಳಿಗೆ ಯಾರು ಎಲ್ಲಿ ಕೂತಿದ್ದರೆಂಬುದೂ ನೆನಪಿದೆ. 'ಈಗ ಎಲ್ಲರೂ ಎದ್ದು ಬರಬೇಕಾಗಿದೆ' ಎಂದು ಬರೆದೆ. ಬರೆದ ಮೇಲೆ ಅದು ಸರಿಹೋಗಲಿಲ್ಲ ಅನಿಸಿತು. ಒರೆಸಿ, 'ನಿನ್ನ ಹಾಗೆ ಯಾರಿಗೂ ಬರಲ್ಲ. ನನಗೂ ಬರಲ್ಲ' ಎಂದು ಬರೆದೆ. ಸ್ಲೇಟನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. "ಇದನ್ನ ಒರೆಸ್ಬೇಡಿ" ಎಂದು ಕಪಾಟಿನ ಮೇಲಿಟ್ಟಳು. ಹೊಸ ಸ್ಲೇಟು ತರಬೇಕು.

ಷರತ್ತು ಹಾಕಿದಳು. ಮಾತು ತನ್ನದೇ ಇರಬೇಕು, ನನ್ನ ನಿರ್ಗಮನ ದ್ವಾರ ಬೇಡ. ಏಣಿ ಮೈಕ್ ತಂದ. ಕೋಣೆಯ ಸುತ್ತ ಹಾಸಿಗೆ, ಕಂಬಳಿ ಒರಗಿಸಿ ನಡುವೆ ಇವಳನ್ನು ನಿಲ್ಲಿಸಿದೆವು. ದಯವಿಟ್ಟು ಎಂಬುದಾದರೂ ಇರಲಿ ಎಂದು ನಾನು ಚೀಟಿಯಲ್ಲಿ ಬರೆದು ತೋರಿಸಿದೆ.

"ಬೇಡ. ದಯವಿಟ್ಟು ಅಂದ್ರೆ ಜನಕ್ಕೆ ಬೇಕಾದ್ರೆ ಅಂತ ಕೇಳ್ಸುತ್ತೆ. ನಾನು ಬಸ್ಸಲ್ಲಿ ಒಂದಿನಾನೂ ದಯವಿಟ್ಟು ಅಂದಿಲ್ಲ. ಮರ್ಯಾದೆ ದನೀಲಿ ಇರ್ಬೇಕು, ಮಾತಲ್ಲಲ್ಲ."

ಪ್ರತಿ ಮಾತಿನ ನಡುವೆ ಸುಮ್ಮನಾಗುತ್ತಿದ್ದಳು. ಮರೆತಳೇನೋ ಎಂದುಕೊಂಡು ಏಣಿ ಕೈಸನ್ನೆ ಮಾಡಿದ. "ಮರ್ತಿಲ್ಲ ಕಣೋ" ಎಂದಳು. "ಟಿಕೆಟ್ ಅಂದ ಮೇಲೆ ಕೈ ಜೇಬಿಗೆ ಹೋಗೋಕೆ ಹೊತ್ತು ಕೊಡ್ಬೇಕು. ಏಳಿ ಅಂದ್ರೆ ಏಳೋಕೆ ಬಿಡ್ಬೇಕು. ಅವ್ರು ಎದ್ದ ಮೇಲೆ ತಾನೇ ಕಂಬಿ ಹಿಡ್ಯೋದು."

ನಾನು ಓದಿದ ಯಾವ ಕೈಪಿಡಿಯಲ್ಲೂ ಇದು ಇಷ್ಟು ಚೆನ್ನಾಗಿಲ್ಲ. ಆ ಖಾಲಿ ಹೊತ್ತಿನಲ್ಲಿ ಗೋಡೆಯ ಗುಂಯ್‌ಗಾಟವೂ ಅಡಗುತ್ತದೆ. ಇವಳು ಹೇಳಿದ್ದು ಇಷ್ಟು:

"ಬೆಂಕಿ. ಎಲ್ರೂ ಏಳಿ. ಗೋಡೆ ಕಂಬಿ ಹಿಡ್ಕೊಳ್ಳಿ. ಮುಂದೆ ನಡೀರಿ, ಮುಂದೆ ನಡೀರಿ. ಲಿಫ್ಟ್ ಬೇಡ, ಮೆಟ್ಟಿಲು. ಹೆದರ್ಬೇಡಿ, ನಾನಿದೀನಿ. ಮುಂದೆ ನಡೀರಿ."

ಆ 'ನಾನಿದೀನಿ' ಎಲ್ಲಿಂದ ಬಂತು ಎಂದು ಬರೆದು ಕೇಳಿದೆ. "ಬಂತು" ಎಂದಳು.

ಜೂನ್ 20, ಶುಕ್ರವಾರ

ಬಂದರು. ಎಲ್ಲರೂ ಬಂದರು.

ಮೊದಲ ಸುತ್ತು ಮುಗಿಯುವ ಮೊದಲೇ ಮೆಟ್ಟಿಲ ಮೇಲೆ ಕಾಲ ಸಪ್ಪಳ. ಕಣ್ಣಿಗೆ ಪಟ್ಟಿ, ಒಂದು ಕೈ ಕಂಬಿಯ ಮೇಲೆ, ಒಬ್ಬರ ಹಿಂದೆ ಒಬ್ಬರು. ಯಾರ ಮುಖದಲ್ಲೂ ಗಾಬರಿ ಇಲ್ಲ, ಸ್ವಲ್ಪ ಸಿಡುಕು ಇತ್ತು, ಬಸ್ಸಿನಿಂದ ಇಳಿಸಿದವರ ಹಾಗೆ. ಹೋದ ಸಲ ಕೈ ಕಟ್ಟಿಕೊಂಡು ನಿಂತ ಹೆಂಗಸು ಎಲ್ಲರಿಗಿಂತ ಮುಂದೆ. "ಬೈಸ್ಕೊಳ್ಳೋಕೆ ಮುಂಚೆ ಇಳಿಯೋಣ ಅಂತ ಬಂದೆ" ಎಂದಳು. ಸಾಹೇಬರು ಕೆಳಗೆ ನನ್ನ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದರು. ಮೇಲಿನಿಂದ 'ಮುಂದೆ ನಡೀರಿ' ಎಂದು ಬಂದಾಗ ಅವರೂ ಎರಡು ಹೆಜ್ಜೆ ಮುಂದೆ ಹೋದರು. ಹೋದದ್ದು ಅವರಿಗೆ ಆಮೇಲೆ ಗೊತ್ತಾಯಿತು. ಗಡಿಯಾರವನ್ನು ಜೇಬಿಗೆ ಹಾಕಿ ಸಹಿ ಮಾಡಿದರು.

"ಯಾರ ಧ್ವನಿ?" ಎಂದು ಕೇಳಿದರು. ನಾನು ಸ್ಲೇಟಿನಲ್ಲಿ ಬರೆಯುತ್ತಾ ಕೂತರೆ ತಡವಾಗುತ್ತದೆಂದು ಎದೆಯ ಮೇಲೆ ಕೈ ಇಟ್ಟುಕೊಂಡು ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಹೆಂಡತಿಯದು ಎಂದು ಏಣಿ ವಿವರಿಸಿದ. ಹೆಬ್ಬಾಗಿಲಿನ ಕಾವಲುಗಾರನಿಗೆ, ಚಹಾ ತಂದವನಿಗೆ, ಲಿಫ್ಟ್ ರಿಪೇರಿಯವನಿಗೆ ಸ್ಲೇಟಿನಲ್ಲೇ ಬರೆದು ತೋರಿಸಿದೆ. ಲಿಫ್ಟಿನವನಿಗೆ ಎರಡು ಸಲ ತೋರಿಸಿದೆ ಎಂದು ಏಣಿ ಹೇಳುತ್ತಾನೆ. ಇರಲಿಕ್ಕಿಲ್ಲ.

ಜೂನ್ 23, ಸೋಮವಾರ

ಮಾತಾಡಲು ಡಾಕ್ಟರ ಅನುಮತಿ ಸಿಕ್ಕಿತು. ಮರಳಿನ ಮೇಲೆ ಚಪ್ಪಲಿ ಎಳೆದಂಥ ಧ್ವನಿ ಬಂತು. ಇಷ್ಟೇ ಇರಬಹುದು, ಇನ್ನೂ ಸ್ವಲ್ಪ ಸುಧಾರಿಸಬಹುದು ಎಂದರು. ಸರಿ ಎಂದು ಬಂದೆ. ಐದನೇ ಮಹಡಿಯ ಮೂಲೆಯ ವಾರ್ಡಿನಲ್ಲಿ ಇವಳ 'ಕಂಬಿ' ಸ್ವಲ್ಪ ಮಂಕಾಗಿ ಕೇಳಿಸುತ್ತದೆ, ಅಲ್ಲಿ ಇನ್ನೊಂದು ಸ್ಪೀಕರ್ ಹಾಕಲೇಬೇಕು. ಯಜಮಾನರು ದುಡ್ಡು ಕೊಡುವುದಿಲ್ಲ ಎಂದರೆ ಕೈಯಿಂದ ಹಾಕುತ್ತೇನೆ.

ಜೂನ್ 30, ಸೋಮವಾರ

ಕಟ್ಟಡ ತೆರೆದರು. ಯಜಮಾನರು ಸಿನಿಮಾ ಮಂದಿರಗಳಿಗೂ ಕಾಲೇಜಿಗೂ ಬಟ್ಟೆ ಅಂಗಡಿಗೂ ಹೋಗಿ ನನ್ನ ಧ್ವನಿ ತೆಗೆದು ಇವಳದನ್ನು ಹಾಕುವಂತೆ ನನಗೆ ಹೇಳಿದ್ದಾರೆ. ಹಾಗೆ ಮಾಡಬೇಕೆಂದು ಅವರ ತಲೆ ತಿಂದವನು ನಾನೇ. ಒಂದೊಂದು ಕಟ್ಟಡಕ್ಕೂ ಬೇರೆ ಬೇರೆ ಮಾತು ಹೇಳಿಸಬೇಕು. ಇವಳು ಆಗಲೇ ಸಿನಿಮಾ ಮಂದಿರಕ್ಕೆ ಹೋಗಿ ಕತ್ತಲಲ್ಲಿ ಕೂತು ಬಂದಿದ್ದಾಳೆ. "ಅಲ್ಲಿ ಏಳಿ ಅಂದ್ರೆ ಮುಂದಿನವ್ರು ಕೂತ್ಕೊಳ್ರೀ ಅಂತಾರೆ. ಬೇರೆ ಥರ ಹೇಳ್ಬೇಕು" ಎಂದಳು. ನಿಜಕ್ಕೂ ಸಿನಿಮಾ ನೋಡಿಯೇ ಬಂದಳು ಎಂದು ನನ್ನ ಅನುಮಾನ.

ಜುಲೈ 14, ಸೋಮವಾರ

ಇವಳ ಅಕ್ಕನಿಗೆ ನಾಳೆ ಅದೇ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್. ನಾಲ್ಕನೇ ಮಹಡಿ. ಇವಳು ಜೊತೆಗಿರಲು ಹೋಗಿದ್ದಾಳೆ. ಮನೆ ಭಣಗುಟ್ಟುತ್ತಿದೆ. ಮಾತಾಡಲು ಗಂಟಲಿದೆ, ಕೇಳಲು ಆಳಿಲ್ಲ.

ಜುಲೈ 16, ಬುಧವಾರ

ಹೊತ್ತು ಬಹಳವಾಗಿದೆ. ಆದರೂ ಬರೆಯುತ್ತೇನೆ.

ಇವತ್ತು ಊಟದ ಹೊತ್ತು ಮೀರಿದ ಮೇಲೆ ನಾನು ಆಸ್ಪತ್ರೆಯ ಬಾಗಿಲ ಬಳಿ ಪ್ಯಾನೆಲಿನ ಬ್ಯಾಟರಿ ನೋಡುತ್ತಿದ್ದೆ. ಕಣ್ಣ ಮುಂದೆಯೇ ಅದು ಕೆಂಪಾಯಿತು. 'ನಾಲ್ಕನೇ ಮಹಡಿ, ಬಟ್ಟೆ ಕೋಣೆ.' ಯಾರೋ ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡೆ. ಆದರೆ ಪರೀಕ್ಷೆ ಮಾಡಬೇಕಾದವನು ನಾನೇ ಅಲ್ಲವೇ. ಅಷ್ಟರಲ್ಲಿ ಪಕ್ಕದ ಕಾರಿಡಾರಿನ ಡಿಟೆಕ್ಟರೂ ಹೇಳಿತು. ಯಾರೋ ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದರಂತೆ, ಅದು ಆಮೇಲೆ ತಿಳಿದದ್ದು. ಐದೂ ಮಹಡಿಯಲ್ಲಿ ಇವಳ ಧ್ವನಿ ಎದ್ದಿತು. "ಬೆಂಕಿ. ಎಲ್ರೂ ಏಳಿ."

ಏಣಿಯೂ ಕಾವಲುಗಾರರೂ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಮೇಲೆ ಓಡಿದರು. ನಾನು ಪ್ಯಾನೆಲ್ ಬಿಟ್ಟು ಕದಲುವ ಹಾಗಿಲ್ಲ. ಎಲ್ಲಿ ಹೊಗೆ ಹರಡುತ್ತಿದೆ ಎಂದು ಮೇಲಿನವರಿಗೆ ಹೇಳಬೇಕಾದವನು ನಾನು. ಜನ ಇಳಿಯತೊಡಗಿದರು. ಪಟ್ಟಿ ಕಟ್ಟಿದ ಅಜ್ಜಿಯರು, ಹಸಿರು ಗೌನಿನ ತಾತಂದಿರು, ಅವರ ಮಕ್ಕಳು, ಸೊಸೆಯಂದಿರು. ಕೈ ಕಂಬಿಯ ಮೇಲೆ, ಒಬ್ಬರ ಹಿಂದೆ ಒಬ್ಬರು. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಅಂಥ ಹೊತ್ತಿನಲ್ಲೂ ಉಬ್ಬಿತು.

ಇವಳ ಅಕ್ಕ ನರ್ಸಮ್ಮನ ಜೊತೆ ಇಳಿದು ಬಂದರು. ಇವಳು ಜೊತೆಗಿರಲಿಲ್ಲ. ಎಲ್ಲಿ ಎಂದೆ. "ನೀವು ನಡೀರಿ, ನಾನು ಹಿಂದೆ ಬರ್ತೀನಿ ಅಂದ್ಲು. ಡಿಪೋಗೆ ಹೋಗೋ ಮುಂಚೆ ಕೊನೇ ಸೀಟು ನೋಡ್ಬೇಕು ಅಂತ ಏನೋ ಅಂದ್ಲಪ್ಪ. ಅವಳ ಫೋನೂ ನನ್ನ ಹತ್ರಾನೇ ಇದೆ" ಎಂದರು.

ನಾಲ್ಕನೇ ಮಹಡಿಯವರು ಇಳಿಯುವುದು ನಿಂತಿತು. ಇವಳಿಲ್ಲ.

ಪ್ಯಾನೆಲಿನ ಪಕ್ಕದಲ್ಲೇ ಮೈಕ್ ಇದೆ. ಅದರ ಗುಂಡಿ ಒತ್ತಿ ಮಾತಾಡಿದರೆ ಕಟ್ಟಡದ ಮೂಲೆಮೂಲೆಗೂ ಕೇಳುತ್ತದೆ. ಒತ್ತಿದಷ್ಟು ಹೊತ್ತು ರೆಕಾರ್ಡಿನ ಧ್ವನಿ ನಿಲ್ಲುತ್ತದೆ. ಅದು ಹಾಗೇ ಇರಬೇಕೆಂದು ಜೋಡಿಸಿದವನೂ ನಾನೇ. ಮೈಕನ್ನು ಕೈಗೆ ತೆಗೆದುಕೊಂಡೆ. ಇವಳ ಹೆಸರು ಹಿಡಿದು ಕರೆಯಬೇಕು, ಎಲ್ಲಿದ್ದೀಯೇ ಬಾರೇ ಎನ್ನಬೇಕು, ಅಷ್ಟೇ ತಲೆಯಲ್ಲಿ. ಐದನೇ ಮಹಡಿಯವರು ಇನ್ನೂ ಮೆಟ್ಟಿಲ ಮೇಲಿದ್ದರು. ಅವರ ಕಾಲು ಇವಳ ಮಾತಿಗೆ ಬೀಳುತ್ತಿತ್ತು. ಮುಂದೆ ನಡೀರಿ ಎಂದಾಗ ನಡೆಯುತ್ತಿದ್ದರು, ಸುಮ್ಮನಾದಾಗ ಒಂದು ಗಳಿಗೆ ನಿಂತು ಕೇಳುತ್ತಿದ್ದರು. ನಾನು ಗುಂಡಿ ಒತ್ತಿದರೆ ಇವಳು ಸುಮ್ಮನಾಗುತ್ತಾಳೆ, ನನ್ನ ಮರಳು ಗಂಟಲು ಅವರಿಗೆ ಗುಂಯ್ ಎನ್ನುತ್ತದೆ. ಕಣ್ಣು ಕಾಣದವರು ಹೊಗೆಯ ಮೆಟ್ಟಿಲ ಮೇಲೆ ನಿಂತುಬಿಡುತ್ತಾರೆ.

ಒತ್ತಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಮೇಲಿನಿಂದ ಇವಳು "ಹೆದರ್ಬೇಡಿ, ನಾನಿದೀನಿ" ಎನ್ನುತ್ತಿದ್ದಳು. ಎಲ್ಲಿದ್ದೀಯ ಎಂದು ಮನಸ್ಸಿನಲ್ಲೇ ಬೈದೆ.

ಆಗ ನನ್ನ ತೋಳನ್ನು ಯಾರೋ ಹಿಡಿದರು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಒಬ್ಬ ತಾತ. ಹೊರಗೆ ಅಂಗಳಕ್ಕೆ ಹೋಗಿ ಅಂದರೆ ಹೋಗಲೊಲ್ಲ. "ಅಪ್ಪಾ, ಆ ಹೆಣ್ಮಗಳು ಇನ್ನೂ ಒಳಗೇ ಇದಾಳೆ ಕಣಪ್ಪ" ಎಂದ. "ನಮ್ಮನ್ನೆಲ್ಲ ಕಳಿಸ್ಬಿಟ್ಟು ಅವಳೊಬ್ಳೇ ಕೂಗ್ತಾ ಇದಾಳೆ. ಪಾಪ, ಯಾರಾದ್ರೂ ಹೋಗಿ ಕರ್ಕೊಂಡು ಬನ್ನಿ."

ಬೇರೆ ದಿನವಾಗಿದ್ದರೆ ಅದು ರೆಕಾರ್ಡು ತಾತ ಎಂದು ನಕ್ಕು ಹೇಳುತ್ತಿದ್ದೆ. ಆದರೆ ಇವತ್ತು ಅವನು ಹೇಳಿದ್ದು ನಿಜವಾಗಿತ್ತು. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಬ್ಬರೂ ಮೆಟ್ಟಿಲ ಕಡೆ ಮುಖ ಮಾಡಿ ನಿಂತೆವು.

ಎಲ್ಲರೂ ಇಳಿದು ಮುಗಿದ ಮೇಲೆ ಬಂದಳು. ಮುಖಕ್ಕೆ ಮಸಿ, ತಲೆ ಕೆದರಿತ್ತು. ಬೆನ್ನ ಹಿಂದೆ ಇವಳ ಸೆರಗು ಹಿಡಿದುಕೊಂಡು ಒಬ್ಬ ಅಜ್ಜಿ. ಶೌಚಾಲಯದ ಚಿಲಕ ಹಾಕಿಕೊಂಡು, ತೆಗೆಯುವುದು ತಿಳಿಯದೆ ಒಳಗೇ ಉಳಿದಿದ್ದಳಂತೆ. "ಬಾಗ್ಲಾಚೆ ನಿಂತು ನಾನು ಹೇಳಿದ್ದಕ್ಕೆ ಅಜ್ಜಿ ಏನಂದ್ಲು ಗೊತ್ತಾ? ಆಗ್ಲಿಂದ ಹೇಳ್ತಾನೇ ಇದೀಯಲ್ಲ, ಕೇಳ್ಸ್ತು ಬಿಡೇ ಅಂದ್ಲು" ಎಂದು ನಗಲು ಹೋಗಿ ಕೆಮ್ಮಿದಳು.

ನಾನು ಅತ್ತೆ. ಬಾಗಿಲಲ್ಲಿ, ಅಷ್ಟು ಜನರ ಮುಂದೆ. ಇವಳು ನನ್ನ ಕೈಯಿಂದ ಮೈಕ್ ಬಿಡಿಸಿ ಅದರ ಜಾಗದಲ್ಲಿ ಸಿಕ್ಕಿಸಿದಳು.

"ಬಂದ್ಲಾ?" ಎಂದ ತಾತ.

"ಬಂದ್ಲು ತಾತ" ಎಂದೆ. "ಇವಳೇ. ನನ್ನ ಹೆಂಡ್ತಿ."

ತಾತ ಕೈ ಚಾಚಿ ಇವಳ ತಲೆ ಸವರಿದ. ಅಷ್ಟರಲ್ಲಿ ಮೇಲಿನಿಂದ ಮತ್ತೆ 'ಮುಂದೆ ನಡೀರಿ' ಎಂದು ಕೇಳಿಸಿತು. ತಾತ ಗಾಬರಿಯಾಗಿ ಕಿವಿ ಕೊಟ್ಟ. "ಮತ್ತೆ ಒಳಗಿರೋದು ಯಾರು?"

"ಅದೂ ಇವಳೇ" ಎಂದೆ.

ಅವನಿಗೆ ಏನು ಅರ್ಥವಾಯಿತೋ, "ಹಂಗಾದ್ರೆ ಸರಿ" ಎಂದು ಕಂಬಿ ಹಿಡಿದು ಅಂಗಳಕ್ಕೆ ಹೋದ. ಬೆಂಕಿ ಆರಿತು ಎಂದು ಏಣಿ ಮೇಲಿನಿಂದ ಕೂಗಿದ. ಇನ್ನು ಪ್ಯಾನೆಲಿನ ಗುಂಡಿ ಒತ್ತಿ ಧ್ವನಿ ನಿಲ್ಲಿಸುವುದು ನನ್ನ ಕೆಲಸ. ಇವಳು ಪಕ್ಕದಲ್ಲಿ ನಿಂತು, "ನಿಲ್ಸ್‌ಬಾರ್ದೇನ್ರೀ, ಕಟ್ಟಡದಲ್ಲಿ ಯಾರೂ ಇಲ್ಲ" ಎಂದಳು. ಒಂದು ಸುತ್ತು ಪೂರ್ತಿ ಮುಗಿಯಲಿ ಎಂದು ನಾನು ಕೇಳುತ್ತಾ ನಿಂತಿದ್ದೆ.